ಕೋಡ್ ರಿವ್ಯೂಗೆ ಏಜೆಂಟ್‌ಗಳ ತಲೆ ಎಣಿಸಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಈಚೆಗೆ ಬಂದ ಲೇಖನವೊಂದನ್ನು ಓದಿದೆ. ಒಂದು ಸಾಫ್ಟ್‌ವೇರ್ ತಂಡ ಕೋಡ್ ಬರೆಯಲು ಒಂದು ಎಐ ಏಜೆಂಟ್ (ಹೇಳಿದ ಕೆಲಸವನ್ನು ತಾನೇ ಮಾಡುವ ಎಐ ಪ್ರೋಗ್ರಾಂ), ಬರೆದದ್ದನ್ನು ಪರಿಶೀಲಿಸಲು, ಅಂದರೆ ಕೋಡ್ ರಿವ್ಯೂಗೆ, ಐದು ಏಜೆಂಟ್ ಇಟ್ಟುಕೊಂಡಿದೆಯಂತೆ. ಐದರಲ್ಲಿ ನಾಲ್ಕು ಒಪ್ಪಿದರೆ ಕೋಡ್ ಪಾಸ್. ಮನುಷ್ಯರು ನೋಡುವ ಅಗತ್ಯವೇ ಇಲ್ಲ ಅಂತ ಲೇಖನ ಖುಷಿಯಿಂದ ಹೇಳುತ್ತದೆ. ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ಕೋಡ್‌ನಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಲೇಖನದ ಉಳಿದ ಮಾತೆಲ್ಲ ಸರಿ, ಆ "ಐದರಲ್ಲಿ ನಾಲ್ಕು" ಅನ್ನುವ ಲೆಕ್ಕ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಎಐ ವಿರೋಧಿ ಅಲ್ಲ. ನಮ್ಮ ತಂಡದಲ್ಲೂ ಈಗ ಕೆಲಸ ಹೆಚ್ಚುಕಮ್ಮಿ ಹೀಗೇ ನಡೆಯುತ್ತದೆ. ಒಂದು ಏಜೆಂಟ್ ಕೋಡ್ ಬರೆಯುತ್ತದೆ. ಅದು ಮುಖ್ಯ ಕೋಡ್‌ಗೆ ಸೇರುವ ಮೊದಲು ಬೇರೆ ನಾಲ್ಕು ಏಜೆಂಟ್‌ಗಳು ಓದಿ ಅಭಿಪ್ರಾಯ ಬರೆಯುತ್ತವೆ. ಒಂದಕ್ಕೆ ಸೆಕ್ಯುರಿಟಿ ನೋಡು ಅಂತ ಹೇಳಿರುತ್ತೇವೆ. ಒಂದಕ್ಕೆ ವೇಗ. ಇನ್ನೊಂದಕ್ಕೆ ಟೆಸ್ಟ್‌ಗಳು, ಅಂದರೆ ಕೋಡನ್ನು ಓಡಿಸಿ ಉತ್ತರ ಸರಿಯೇ ಅಂತ ನೋಡುವ ಪರೀಕ್ಷೆಗಳು, ಸಾಕಷ್ಟಿವೆಯಾ ಅನ್ನುವುದು. ಕೊನೆಯದಕ್ಕೆ, ನಾಳೆ ಬೇರೆಯವರು ಓದಿದರೆ ಅರ್ಥವಾಗುತ್ತದಾ ಅನ್ನುವುದು. ಇವುಗಳಿಂದ ಪ್ರಯೋಜನ ಇಲ್ಲ ಅಂದರೆ ಸುಳ್ಳಾಗುತ್ತದೆ. ತೆರೆದ ಫೈಲ್ ಮುಚ್ಚದೆ ಬಿಟ್ಟಿದ್ದು, ಖಾಲಿ ಪಟ್ಟಿ ಬಂದರೆ ಕುಸಿದು ಬೀಳುವ ಲೂಪ್, ಬಳಕೆದಾರರು ಟೈಪ್ ಮಾಡಿದ್ದನ್ನು ಹಾಗೆಯೇ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ (ಕ್ವೆರಿಗೆ) ಅಂಟಿಸಿದ್ದು, ಎರರ್ ಬಂದರೂ ಸುಮ್ನೆ ನುಂಗಿಕೊಂಡು ಮುಂದೆ ಹೋಗುವ ಕೋಡ್, ಇಂಥವನ್ನೆಲ್ಲ ಚೆನ್ನಾಗಿ ಹಿಡಿಯುತ್ತವೆ. ದಿನದ ಕೊನೆಗೆ ಸುಸ್ತಾದ ಮನುಷ್ಯರ ಕಣ್ಣು ತಪ್ಪುವ ಜಾಗಗಳು ಇವು. ಏಜೆಂಟ್‌ಗೆ ಆ ಸುಸ್ತು ಇಲ್ಲ.

ಆದರೆ ನಮ್ಮಲ್ಲಿ ನಡೆದ ಒಂದು ಪ್ರಸಂಗ ಕೇಳಿ. ನಮ್ಮ ಒಂದು ಸಿಸ್ಟಂನಲ್ಲಿ ನಿಯಮಗಳ ಪಟ್ಟಿ ಇದೆ. ಯಾವ ದಿನಾಂಕದಿಂದ ಯಾವ ನಿಯಮ ಜಾರಿ ಅಂತ. ದಿನಾಂಕ ಕೊಟ್ಟರೆ ಆ ದಿನ ಯಾವ ನಿಯಮ ಇತ್ತು ಅಂತ ಹುಡುಕಿಕೊಡುವ ಫಂಕ್ಷನ್, ಅಂದರೆ ಕೋಡ್‌ನ ತುಣುಕು, ಒಂದಿದೆ. ಪಟ್ಟಿ ಉದ್ದವಾಗಿದ್ದರಿಂದ ಅದನ್ನು ಬೈನರಿ ಸರ್ಚ್‌ಗೆ ಬದಲಿಸಲು ಏಜೆಂಟ್‌ಗೆ ಹೇಳಿದ್ದರು. ಬೈನರಿ ಸರ್ಚ್ ಅಂದರೆ ಪಟ್ಟಿಯ ನಡುವಿಗೆ ಹೋಗಿ, ಬೇಕಾದ್ದು ಮುಂದಿದೆಯೋ ಹಿಂದಿದೆಯೋ ನೋಡಿ, ಪ್ರತಿ ಸಲ ಅರ್ಧ ಪಟ್ಟಿಯನ್ನು ಬಿಟ್ಟುಬಿಡುತ್ತಾ ಹೋಗುವುದು. ಹತ್ತು ಲಕ್ಷ ಸಾಲಿದ್ದರೂ ಸುಮಾರು 20 ಹೆಜ್ಜೆಗೆ ಮುಗಿಯುತ್ತದೆ. ಒಂದೇ ಷರತ್ತು, ಪಟ್ಟಿ ಕ್ರಮದಲ್ಲಿರಬೇಕು. ಕ್ರಮ ತಪ್ಪಿದ್ದರೆ ಅದು ಎರರ್ ಕೊಡುವುದಿಲ್ಲ. ಧೈರ್ಯವಾಗಿ ತಪ್ಪು ಉತ್ತರ ಕೊಡುತ್ತದೆ.

ಆ ಫಂಕ್ಷನ್ ಮೇಲೆ ಒಂದು ಹಳೆಯ ಕಾಮೆಂಟ್ (ಓದುವವರಿಗಾಗಿ ಕೋಡ್ ಜೊತೆ ಬರೆದಿಡುವ ಟಿಪ್ಪಣಿ, ಕಂಪ್ಯೂಟರ್ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ) ಇತ್ತು: "ಪಟ್ಟಿ ದಿನಾಂಕದ ಕ್ರಮದಲ್ಲೇ ಬರುತ್ತದೆ." ಬರೆದಾಗ ಅದು ನಿಜವೇ. ಆಗ ಪಟ್ಟಿ ನೇರವಾಗಿ ಡೇಟಾಬೇಸ್‌ನಿಂದ ಬರುತ್ತಿತ್ತು, ಕ್ವೆರಿಯಲ್ಲೇ ಕ್ರಮ ಹಾಕಿಸಿದ್ದರು. ಆಮೇಲೆ ಯಾವತ್ತೋ ಎರಡು ಕಡೆಯಿಂದ ತಂದು ಜೋಡಿಸಿ ಕ್ಯಾಶ್‌ನಲ್ಲಿ (ಬೇಗ ಸಿಗಲೆಂದು ಪ್ರತಿ ಇಡುವ ಜಾಗದಲ್ಲಿ) ಇಡುವ ವ್ಯವಸ್ಥೆ ಬಂತು. ಕ್ರಮ ಹೋಯಿತು, ಕಾಮೆಂಟ್ ಉಳಿಯಿತು. ಹಳೆಯ ಕೋಡ್ ಇಡೀ ಪಟ್ಟಿಯನ್ನು ಒಂದೊಂದಾಗಿ ನೋಡುತ್ತಿದ್ದುದರಿಂದ ಯಾರಿಗೂ ಬಿಸಿ ತಟ್ಟಿರಲಿಲ್ಲ.

ನಾಲ್ಕೂ ಏಜೆಂಟ್‌ಗಳು ಹೊಸ ಕೋಡ್ ಓದಿದವು. ನಾಲ್ಕೂ ಒಪ್ಪಿದವು. ವೇಗ ನೋಡುವ ಏಜೆಂಟ್ ಅಂತೂ "ಪಟ್ಟಿ ಈಗಾಗಲೇ ಕ್ರಮದಲ್ಲಿರುವುದರಿಂದ ಇದು ಸೂಕ್ತ ಆಯ್ಕೆ" ಅಂತ ಸರ್ಟಿಫಿಕೇಟ್ ಕೊಟ್ಟಿತು. ಟೆಸ್ಟ್ ನೋಡುವ ಏಜೆಂಟ್ "ಮೊದಲ, ಕೊನೆಯ ಮತ್ತು ನಡುವಿನ ದಿನಾಂಕಗಳಿಗೆ ಟೆಸ್ಟ್ ಇದೆ, ಸಾಕು" ಅಂದಿತು. ಆ ಟೆಸ್ಟ್‌ಗಳಲ್ಲಿದ್ದ ಪಟ್ಟಿಗಳೆಲ್ಲ ಕ್ರಮವಾಗಿ ಜೋಡಿಸಿ ಬರೆದವೇ. ನಿಮ್ಮ ಲೇಖನದ ಲೆಕ್ಕದಲ್ಲಿ ಇದಕ್ಕೆ ನೂರಕ್ಕೆ ನೂರು ಅಂಕ. ತಪ್ಪು ಹಿಡಿದವರು ಡೇಟಾ ತಂಡದ ಸಹೋದ್ಯೋಗಿ. ಬೇರೆ ಯಾವುದೋ ಮಾತಿಗೆ ಬಂದವರು ಸ್ಕ್ರೀನ್ ಕಡೆ ನೋಡಿ, "ಈ ಪಟ್ಟಿ ಈಗ ಎರಡು ಕಡೆಯಿಂದ ಬರುತ್ತಲ್ವಾ?" ಅಂದರು.

ನನಗೆ ಕುತೂಹಲ ತಡೆಯಲಿಲ್ಲ. ಆ ಒಂದು ಸಾಲಿನ ಕಾಮೆಂಟ್ ಅಳಿಸಿ, ಉಳಿದ ಕೋಡನ್ನು ಹಾಗೇ ಇಟ್ಟು, ಅದೇ ಏಜೆಂಟ್‌ಗಳಿಗೆ ಮತ್ತೆ ಕೊಟ್ಟೆ. ಈಗ ಎರಡು ಏಜೆಂಟ್‌ಗಳು "ಪಟ್ಟಿ ಕ್ರಮದಲ್ಲಿರುತ್ತದೆ ಅಂತ ಖಾತರಿ ಕೊಡುವುದು ಯಾವ ಭಾಗ?" ಅಂತ ಕೇಳಿದವು. ಹಾಗಾದರೆ ಹಿಡಿಯುವ ಶಕ್ತಿ ಅವುಗಳಿಗೆ ಇತ್ತು. ನಾಲ್ಕೂ ಒಂದೇ ಸಾಲನ್ನು ನಂಬಿ ಕುಳಿತಿದ್ದವು. ನಾವು ನಾಲ್ಕು ಅಭಿಪ್ರಾಯ ಅಂದುಕೊಂಡದ್ದು ಒಂದು ಕಾಮೆಂಟ್‌ನ ನಾಲ್ಕು ಪ್ರತಿ.

ಒಂದೇ ಥರ ಯೋಚಿಸುವ ಎರಡು ತಲೆ ಇಟ್ಟುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ ಏರಿಯಾನ್ 5. 1996ರ ಜೂನ್ 4ರಂದು ಯುರೋಪಿನ ಈ ಹೊಸ ರಾಕೆಟ್ ಮೊದಲ ಸಲ ಹಾರಿತು, ಸುಮಾರು 40 ಸೆಕೆಂಡಿಗೆ ಚೂರಾಯಿತು. ದಿಕ್ಕು ಲೆಕ್ಕ ಹಾಕುವ ಕಂಪ್ಯೂಟರ್ ಕೈಕೊಟ್ಟಿತ್ತು. ಒಂದು ಕೈಕೊಟ್ಟರೆ ಇರಲಿ ಅಂತ ಇನ್ನೊಂದನ್ನು ಇಟ್ಟೇ ಇದ್ದರು. ಆದರೆ ಎರಡರಲ್ಲೂ ಅದೇ ಸಾಫ್ಟ್‌ವೇರ್. ಹಿಂದಿನ ಏರಿಯಾನ್ 4ರಿಂದ ಎತ್ತಿಕೊಂಡ ಕೋಡ್ ಅದು. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವ ಸಾಲು ಅದರಲ್ಲಿತ್ತು. 16 ಬಿಟ್‌ನಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 32,767. ಹೊಸ ರಾಕೆಟ್ ಹಳೆಯದಕ್ಕಿಂತ ಬೇರೆ ದಾರಿಯಲ್ಲಿ, ಜಾಸ್ತಿ ವೇಗದಲ್ಲಿ ಹೋಗುತ್ತಿತ್ತು, ಸಂಖ್ಯೆ ಹಿಡಿಸಲಿಲ್ಲ. ಬದಲಿ ಕಂಪ್ಯೂಟರ್ ಮೊದಲು ನಿಂತಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಖ್ಯ ಕಂಪ್ಯೂಟರ್ ಕೂಡ ಅದೇ ಕಾರಣಕ್ಕೆ ನಿಂತಿತು. ತಮಾಷೆ ಅಂದರೆ, ಆ ಲೆಕ್ಕ ರಾಕೆಟ್ ನೆಲ ಬಿಟ್ಟ ಮೇಲೆ ಬೇಕೇ ಇರಲಿಲ್ಲ.

"ಅದು ಒಂದೇ ಕೋಡ್‌ನ ಎರಡು ಪ್ರತಿ. ಬೇರೆ ಬೇರೆಯವರು ಬೇರೆ ಬೇರೆಯಾಗಿ ಬರೆದರೆ?" ಅಂತ ಯಾರಾದರೂ ಕೇಳಬಹುದು. ಅದನ್ನೂ ನೋಡಿದ್ದಾರೆ. ಸಂಶೋಧಕರಾದ ಜಾನ್ ನೈಟ್ ಮತ್ತು ನ್ಯಾನ್ಸಿ ಲೆವಿಸನ್ 1986ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ವರ್ಜೀನಿಯಾ ಮತ್ತು ಕ್ಯಾಲಿಫೋರ್ನಿಯಾದ ಎರಡು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಒಂದೇ ಸಮಸ್ಯೆ ಕೊಟ್ಟು, ಬೇರೆ ಬೇರೆಯಾಗಿ 27 ಪ್ರೋಗ್ರಾಂ ಬರೆಸಿದರು. ಪ್ರತಿಯೊಂದಕ್ಕೂ ಹತ್ತು ಲಕ್ಷ ಟೆಸ್ಟ್ ಹಾಕಿದರು. ಪ್ರೋಗ್ರಾಂಗಳು ಒಟ್ಟಾರೆ ಚೆನ್ನಾಗಿಯೇ ಇದ್ದವು. ಆದರೆ ತಪ್ಪಿದಾಗ, ಕಾಕತಾಳೀಯ ಅನ್ನಲಾಗದಷ್ಟು ಸಲ ಹಲವು ಪ್ರೋಗ್ರಾಂಗಳು ಒಟ್ಟಿಗೇ ತಪ್ಪಿದವು. ಸಮಸ್ಯೆಯಲ್ಲಿ ಕಷ್ಟದ ಜಾಗ ಎಲ್ಲಿದೆಯೋ ಅಲ್ಲಿ ಎಲ್ಲರೂ ಎಡವುತ್ತಾರೆ. ಪರಿಚಯವೇ ಇಲ್ಲದ ಮನುಷ್ಯರ ಕಥೆ ಹೀಗಾದರೆ, ಒಂದೇ ಮಾಡೆಲ್‌ಗೆ (ಏಜೆಂಟ್‌ನ ಒಳಗಿನ ಎಐ ಮಿದುಳಿಗೆ) ನಾಲ್ಕು ಹೆಸರಿಟ್ಟು ಕೂರಿಸಿದವುಗಳ ಗತಿ ಏನು? ಸೆಕ್ಯುರಿಟಿ ಏಜೆಂಟ್, ವೇಗದ ಏಜೆಂಟ್ ಅಂತೆಲ್ಲ ಕರೆದರೂ ಬಹಳ ಕಡೆ ಒಳಗಿರುವುದು ಅದೇ ಮಾಡೆಲ್. ಬದಲಾಗಿರುವುದು ನಾವು ಕೊಟ್ಟ ನಾಲ್ಕು ಸಾಲಿನ ಸೂಚನೆ. ಬೇರೆ ಬೇರೆ ಕಂಪನಿಯ ಮಾಡೆಲ್ ತಂದರೆ ಸ್ವಲ್ಪ ಉತ್ತಮ, ನಾವೂ ಹಾಗೆ ಮಾಡುತ್ತೇವೆ. ಆದರೂ ಅವೆಲ್ಲ ಓದಿ ಬೆಳೆದದ್ದು ಬಹಳಷ್ಟು ಅದೇ ಸಾರ್ವಜನಿಕ ಕೋಡ್ ಅಲ್ವಾ?

ಬಹುಮತದ ಪರವಾಗಿ ಒಂದು ಹಳೆಯ ಗಣಿತ ಇದೆ. ನಮ್ಮ ಮ್ಯಾನೇಜರ್‌ಗಳಿಗೆ ಅದು ಬಹಳ ಇಷ್ಟ. ಫ್ರಾನ್ಸಿನ ಗಣಿತಜ್ಞ ಕಾಂಡಾರ್ಸೆ 1785ರಲ್ಲಿ ತೋರಿಸಿದ್ದು. ಒಬ್ಬೊಬ್ಬರೂ ನೂರಕ್ಕೆ 70 ಸಲ ಸರಿ ಹೇಳುವವರಾದರೆ, ಮೂವರ ಬಹುಮತ 78 ಸಲಕ್ಕೂ ಜಾಸ್ತಿ ಸರಿ ಇರುತ್ತದೆ. ಐವರಾದರೆ ಸುಮಾರು 84. ಜನ ಹೆಚ್ಚಿದಷ್ಟೂ ನೂರರ ಹತ್ತಿರ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದಕ್ಕೆ ಎರಡು ಷರತ್ತು. ಒಬ್ಬರ ತಪ್ಪಿಗೂ ಇನ್ನೊಬ್ಬರ ತಪ್ಪಿಗೂ ಸಂಬಂಧ ಇರಬಾರದು. ಅದು ಇಲ್ಲಿ ನಡೆಯುವುದಿಲ್ಲ ಅಂತ ಆಗಲೇ ನೋಡಿದೆವು. ಎರಡನೆಯದು ಇನ್ನೂ ಮುಖ್ಯ. ಅದು ಹೌದು-ಇಲ್ಲ ಅನ್ನುವ ಪ್ರಶ್ನೆಗಳ ಲೆಕ್ಕ. ಕೋಡ್ ರಿವ್ಯೂ ಹುಡುಕುವ ಕೆಲಸ. ಕಳೆದುಹೋದ ಉಂಗುರವನ್ನು ಐದು ಜನ ಹುಡುಕುವಾಗ ಒಬ್ಬರಿಗೆ ಸಿಕ್ಕರೆ ಮುಗಿಯಿತು. ಉಳಿದ ನಾಲ್ವರಿಗೆ ಸಿಗಲಿಲ್ಲ, ಹಾಗಾಗಿ ನಾಲ್ಕು-ಒಂದರ ಬಹುಮತದಿಂದ ಉಂಗುರ ಇಲ್ಲ ಅಂತ ಯಾರೂ ಠರಾವು ಮಾಡುವುದಿಲ್ಲ. ನಿಮ್ಮ ಲೇಖನದ ತಂಡ ಮಾಡುತ್ತಿರುವುದು ಅದನ್ನೇ. ಐದರಲ್ಲಿ ನಾಲ್ಕು ಒಪ್ಪಿದಾಗ ಒಪ್ಪದ ಆ ಐದನೆಯದು ಏನು ಹೇಳಿತು? ಅದನ್ನು ಯಾರಾದರೂ ಓದಿದರಾ?

ನಾನಂತೂ ಈಗ ರಿವ್ಯೂ ಪುಟ ತೆರೆದ ಕೂಡಲೇ ಹುಡುಕುವುದು ಒಂಟಿ ದನಿಯನ್ನು. ಎಲ್ಲ ಏಜೆಂಟ್‌ಗಳೂ ಹೇಳಿದ ತಪ್ಪು ಹೇಗೂ ಕಣ್ಣಿಗೆ ಬೀಳುವಂಥದ್ದು, ಅದನ್ನು ತಿದ್ದಿದರಾಯಿತು. ಒಂದೇ ಒಂದು ಏಜೆಂಟ್ ಹೇಳಿ ಉಳಿದವು ಸುಮ್ಮನಿದ್ದರೆ ಎರಡು ಸಾಧ್ಯತೆ. ಒಂದೋ ಅದು ಶುದ್ಧ ಕಲ್ಪನೆ, ಇಲ್ಲವೇ ಬೇರೆ ಯಾರಿಗೂ ಕಾಣದ ನಿಜವಾದ ಬಗ್, ಅಂದರೆ ಕೋಡ್‌ನ ತಪ್ಪು. ಹೆಚ್ಚಿನ ಸಲ ಕಲ್ಪನೆಯೇ, ಒಪ್ಪುತ್ತೇನೆ. ಆದರೆ ಬೇರೆ ಯಾರಿಗೂ ಕಾಣದ ಬಗ್ ಸಿಗುವ ಜಾಗವೂ ಅದೊಂದೇ.

ಒಮ್ಮತ ನಮ್ಮನ್ನು ಇನ್ನೊಂದು ರೀತಿಯಲ್ಲೂ ಮೋಸ ಮಾಡುತ್ತದೆ. ಕೆರೆಯಲ್ಲಿ ಮೀನೆಷ್ಟಿವೆ ಅಂತ ಅಂದಾಜು ಮಾಡಲು ಜೀವಶಾಸ್ತ್ರಜ್ಞರು ಒಂದು ವಿಧಾನ ಬಳಸುತ್ತಾರೆ. ಒಂದಷ್ಟು ಮೀನು ಹಿಡಿದು ಗುರುತು ಹಾಕಿ ಬಿಡುತ್ತಾರೆ. ಮತ್ತೆ ಬಲೆ ಹಾಕಿದಾಗ ಗುರುತಿದ್ದವು ಎಷ್ಟು ಬಂದವು ಅಂತ ನೋಡಿ ಒಟ್ಟು ಲೆಕ್ಕ ಹಾಕುತ್ತಾರೆ. 1990ರ ದಶಕದಲ್ಲಿ ಇದನ್ನು ಸಾಫ್ಟ್‌ವೇರ್‌ನವರೂ ಎತ್ತಿಕೊಂಡರು. ಒಬ್ಬ ರಿವ್ಯೂವರ್‌ಗೆ 10 ಬಗ್ ಸಿಕ್ಕವು, ಇನ್ನೊಬ್ಬರಿಗೆ 8, ಇಬ್ಬರಿಗೂ ಸಿಕ್ಕವು 4 ಅಂತಿಟ್ಟುಕೊಳ್ಳಿ. ಹತ್ತನ್ನು ಎಂಟರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಒಟ್ಟು 20. ಇಬ್ಬರೂ ಸೇರಿ ಹಿಡಿದದ್ದು 14, ಇನ್ನೂ 6 ಒಳಗೇ ಇವೆ. ಈಗ ಆ ಎಂಟಕ್ಕೆ ಎಂಟೂ ಮೊದಲನೆಯವರಿಗೆ ಸಿಕ್ಕವೇ ಆಗಿದ್ದರೆ? ಒಟ್ಟು 10 ಅಂತ ಬರುತ್ತದೆ. ಎಲ್ಲ ಸಿಕ್ಕಿದವು, ಕೆಲಸ ಮುಗಿಯಿತು ಅನ್ನುತ್ತದೆ ಲೆಕ್ಕ. ಒಂದೇ ಥರ ನೋಡುವ ಏಜೆಂಟ್‌ಗಳಿಗೆ ಸಿಗುವ ಬಗ್‌ಗಳು ಯಾವಾಗಲೂ ಹೀಗೇ ಒಂದರ ಮೇಲೊಂದು ಕೂರುತ್ತವೆ. ಅಂದರೆ ಏಜೆಂಟ್‌ಗಳು ಒಂದನ್ನೊಂದು ಹೋಲಿದಷ್ಟೂ ಕೋಡ್ ಶುದ್ಧವಾಗಿ ಕಾಣುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ಗುರುತು ನೋಡಿ ಕೆಲವರು ಖುಷಿಪಡುವಾಗ ನನಗೆ ಇದೇ ಲೆಕ್ಕ ನೆನಪಾಗುತ್ತದೆ.

ಹಾಗಾದರೆ ಏನು ಮಾಡಬೇಕು ಅಂತ ನೀವು ಕೇಳಬಹುದು. ಏಜೆಂಟ್‌ಗಳ ಸಂಖ್ಯೆ ಹೆಚ್ಚಿಸುವುದರಲ್ಲಿ ನನಗೆ ಆಸಕ್ತಿ ಇಲ್ಲ. ಅವು ನೋಡುವ ವಸ್ತು ಬೇರೆ ಆಗಬೇಕು. ನಮ್ಮಲ್ಲಿ ಈಗ ಒಂದು ಏಜೆಂಟ್‌ಗೆ ಕೋಡನ್ನೇ ಕೊಡುವುದಿಲ್ಲ. ಗ್ರಾಹಕರು ಏನು ಕೇಳಿದ್ದರೋ ಆ ದಾಖಲೆ ಮಾತ್ರ ಕೊಟ್ಟು, "ಇದು ಸರಿಯಾಗಿದೆ ಅಂತ ಗೊತ್ತಾಗಲು ಯಾವ ಟೆಸ್ಟ್‌ಗಳು ಬೇಕು, ಬರೆ" ಅನ್ನುತ್ತೇವೆ. ಇನ್ನೊಂದಕ್ಕೆ ಕಾಮೆಂಟ್‌ಗಳನ್ನೆಲ್ಲ ತೆಗೆದ ಕೋಡ್. ಇನ್ನೊಂದಕ್ಕೆ ಈ ಫಂಕ್ಷನ್ ಜೊತೆಗೆ ಇದನ್ನು ಬಳಸುವ ಕೋಡ್, ಇದಕ್ಕೆ ಡೇಟಾ ತಂದುಕೊಡುವ ಕೋಡ್. ಕೋಡ್ ಬರೆದ ಏಜೆಂಟ್ "ಇದು ಯಾಕೆ ಸರಿ" ಅಂತ ಬರೆದುಕೊಂಡ ವಿವರಣೆಯನ್ನು ಯಾರಿಗೂ ತೋರಿಸುವುದಿಲ್ಲ. ತೋರಿಸಿದರೆ ಸಾಕು, ರಿವ್ಯೂ ಮಾಡುವವು ಆ ವಿವರಣೆಯನ್ನೇ ತಿರುಗಿಸಿ ಬರೆದು ಕೊಡುತ್ತವೆ. ಒಂದರ ಅಭಿಪ್ರಾಯ ಇನ್ನೊಂದಕ್ಕೆ ಮೊದಲೇ ಸಿಗಬಾರದು. ಸಿಕ್ಕರೆ ಗುಂಪಿನಲ್ಲಿ ಗೋವಿಂದ.

ಕೇಳುವ ಪ್ರಶ್ನೆಯೂ ಬದಲಾಗಬೇಕು. ಸಾಫ್ಟ್‌ವೇರ್ ಸಂಶೋಧಕರಾದ ಡೇವಿಡ್ ಪಾರ್ನಸ್ ಮತ್ತು ಡೇವಿಡ್ ವೈಸ್ 1985ರಲ್ಲೇ ಹೇಳಿದ್ದರು. ರಿವ್ಯೂ ಮಾಡುವವರನ್ನು "ಸರಿ ಇದೆಯಾ?" ಅಂತ ಕೇಳಬೇಡಿ, ಓದಿ ಕೆಲಸ ಮಾಡದೆ ಉತ್ತರಿಸಲಾಗದ ಪ್ರಶ್ನೆ ಕೊಡಿ, ಒಬ್ಬೊಬ್ಬರಿಗೆ ಒಂದೊಂದು ಬೇರೆ ಪ್ರಶ್ನೆ ಕೊಡಿ ಅಂತ. ಆಗ ರಿವ್ಯೂ ಮಾಡುತ್ತಿದ್ದವರು ಮನುಷ್ಯರು. ತಲೆಯಾಡಿಸಿ ಸಹಿ ಹಾಕುವ ಚಾಳಿ ನಮಗೇ ಇತ್ತು, ಏಜೆಂಟ್‌ಗಳನ್ನು ಮಾತ್ರ ಬೈದು ಏನು ಪ್ರಯೋಜನ. ನಾವು ಈಗ ಕೇಳುವುದು ಹೀಗೆ: "ಈ ಫಂಕ್ಷನ್ ನಿಜ ಅಂತ ನಂಬಿಕೊಂಡಿರುವ ಸಂಗತಿಗಳನ್ನು ಬರೆ. ಪ್ರತಿಯೊಂದನ್ನೂ ಯಾವ ಫೈಲ್‌ನ ಯಾವ ಸಾಲು ಖಾತರಿಪಡಿಸುತ್ತದೆ ತೋರಿಸು. ಕಾಮೆಂಟ್ ಸಾಕ್ಷಿ ಅಲ್ಲ." ಬೈನರಿ ಸರ್ಚ್‌ನ ಆ ಕೋಡನ್ನು ಕಾಮೆಂಟ್ ಸಮೇತ ಈ ಪ್ರಶ್ನೆಯ ಜೊತೆ ಕೊಟ್ಟಾಗ ಒಂದೇ ಏಜೆಂಟ್ ಸಾಕಾಯಿತು. "ಕ್ರಮದಲ್ಲಿದೆ ಅನ್ನುವುದಕ್ಕೆ ಖಾತರಿ ಸಿಗಲಿಲ್ಲ" ಅಂತ ಬರೆಯಿತು.

ತಪ್ಪು ಇದೆ ಅಂದವರು ಅದನ್ನು ತೋರಿಸಬೇಕು. ಇದು ಇನ್ನೊಂದು ನಿಯಮ. ಸುಮ್ನೆ "ಇಲ್ಲಿ ಸಮಸ್ಯೆ ಆಗಬಹುದು" ಅಂದರೆ ನಡೆಯುವುದಿಲ್ಲ. ಈಗಿನ ಕೋಡ್ ಮೇಲೆ ಓಡಿಸಿದರೆ ಫೇಲ್ ಆಗುವ ಟೆಸ್ಟ್ ಬರೆದು ಕೊಡಬೇಕು. ಇದರಿಂದ ಅರ್ಧ ಗದ್ದಲ ಅಲ್ಲೇ ಅಡಗುತ್ತದೆ. ಪೂರ್ತಿ ಅಡಗುವುದಿಲ್ಲ. ಕೆಲವು ಸಲ ಟೆಸ್ಟೇ ತಪ್ಪು ನಿರೀಕ್ಷೆ ಇಟ್ಟುಕೊಂಡಿರುತ್ತದೆ, ಅದನ್ನು ಮನುಷ್ಯರೇ ಓದಿ ತೀರ್ಮಾನಿಸಬೇಕು. ಎರಡು ಕೆಲಸ ಒಂದೇ ಕ್ಷಣದಲ್ಲಿ ಓಡುವಾಗ ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳುವ ತಪ್ಪುಗಳಿಗೆ ಟೆಸ್ಟ್ ಬರೆಯುವುದೂ ಕಷ್ಟ. ಆದ್ದರಿಂದ ಟೆಸ್ಟ್ ಇಲ್ಲದ ದೂರುಗಳನ್ನು ಎಸೆಯುವುದಿಲ್ಲ, ಬೇರೆ ಪಟ್ಟಿಗೆ ಹಾಕಿ ನಿಧಾನವಾಗಿ ನೋಡುತ್ತೇವೆ.

ಮತ್ತೆ, ರಿವ್ಯೂ ಅಭಿಪ್ರಾಯಗಳನ್ನು ಕೋಡ್ ಬರೆಯುವ ಏಜೆಂಟ್‌ಗೆ ನೇರವಾಗಿ ಕೊಡುವ ಪದ್ಧತಿ. ಇದರ ಬಗ್ಗೆ ನನಗೆ ತಕರಾರು ಜಾಸ್ತಿ ಇದೆ. ಕೋಡ್ ಬರೆಯುವ ಆ ಏಜೆಂಟ್ ಯಾರು ಏನು ಹೇಳಿದರೂ "ಹೌದು, ನೀವು ಹೇಳಿದ್ದು ಸರಿ" ಅನ್ನುತ್ತದೆ. ಒಂದು ಏಜೆಂಟ್ ಈ ಭಾಗವನ್ನು ಬೇರೆ ಫಂಕ್ಷನ್ ಮಾಡು ಅನ್ನುತ್ತದೆ, ಮಾಡುತ್ತದೆ. ಮುಂದಿನ ಸುತ್ತಿನಲ್ಲಿ ಇನ್ನೊಂದು ಏಜೆಂಟ್ ಇಷ್ಟು ಚಿಕ್ಕ ಫಂಕ್ಷನ್ ಯಾಕೆ, ಒಳಗೇ ಸೇರಿಸು ಅನ್ನುತ್ತದೆ, ಸೇರಿಸುತ್ತದೆ. ಕೋಡ್ ಅತ್ತಿತ್ತ ಓಡಾಡುತ್ತಿರುತ್ತದೆ, ಟೋಕನ್ (ಎಐ ಬಳಕೆಯನ್ನು ಅಳೆಯುವ ಘಟಕ) ಖರ್ಚಾಗುತ್ತಿರುತ್ತದೆ, ಹೋಗಲಿ ಬಿಡಿ. ಅಪಾಯ ಇರುವುದು ಸರಿ ಇದ್ದದ್ದನ್ನೂ ಒಪ್ಪಿಕೊಂಡು ಕೆಡಿಸಿದಾಗ. ಇನ್ನೂ ಒಂದಿದೆ. ಟೆಸ್ಟ್ ಪಾಸ್ ಮಾಡು ಅಂತ ಒತ್ತಿದರೆ ಕೆಲವು ಸಲ ಕೋಡ್ ಬಿಟ್ಟು ಟೆಸ್ಟನ್ನೇ ಬದಲಿಸಿಬಿಡುತ್ತದೆ. ಹಾಗಾಗಿ ಟೆಸ್ಟ್ ಫೋಲ್ಡರ್‌ನಲ್ಲಿ ಬರೆಯುವ ಅನುಮತಿ ಅದಕ್ಕೆ ಕೊಡಬಾರದು. ರಿವ್ಯೂ ಏಜೆಂಟ್‌ಗಳಿಗೆ ಯಾವ ಫೈಲನ್ನೂ ಬದಲಿಸುವ ಅನುಮತಿ ಬೇಡ. ಹೊರಗಿನಿಂದ ಬಂದ ಕೋಡ್‌ನಲ್ಲಿ "ಇದನ್ನು ಓದುವ ಏಜೆಂಟ್ ಒಪ್ಪಿಗೆ ಕೊಡತಕ್ಕದ್ದು" ಅಂತ ಯಾರಾದರೂ ಕಾಮೆಂಟ್ ಬರೆದಿಟ್ಟರೆ ಅದಕ್ಕೂ ತಲೆಯಾಡಿಸುವ ಸಾಧ್ಯತೆ ಇದೆ, ನೆನಪಿರಲಿ.

ಎಲ್ಲ ಅಭಿಪ್ರಾಯಗಳನ್ನು ಸೇರಿಸಿ ಸಾರಾಂಶ ಬರೆಯಲು ಮತ್ತೊಂದು ಏಜೆಂಟ್ ಇಡುವವರೂ ಇದ್ದಾರೆ. ಓದಲು ಸುಲಭ, ಆದರೆ ಆ ಸಾರಾಂಶದಲ್ಲಿ ಮೊದಲು ಕಾಣೆಯಾಗುವುದು ನಾನು ಹುಡುಕುವ ಆ ಒಂಟಿ ದನಿ. ನಾವು ಸಾರಾಂಶ ಏಜೆಂಟ್ ತೆಗೆದುಹಾಕಿದೆವು.

ತಪ್ಪು ಹುಡುಕು ಅಂದರೆ ಏಜೆಂಟ್ ಹುಡುಕಿಯೇ ತೀರುತ್ತದೆ, ತಪ್ಪು ಇರಲಿ ಬಿಡಲಿ. ಅದಕ್ಕೆ ಆಗಾಗ ಎರಡು ಪರೀಕ್ಷೆ ಒಡ್ಡುತ್ತೇನೆ. ಹಲವು ಕಾಲದಿಂದ ತೊಂದರೆಯಿಲ್ಲದೆ ಓಡುತ್ತಿರುವ, ನಾವೆಲ್ಲ ಉಜ್ಜಿ ನೋಡಿದ ಕೋಡನ್ನು ಹೊಸದು ಅಂತ ಕೊಡುತ್ತೇನೆ. ಅದರಲ್ಲಿ "ಗಂಭೀರ" ಅಂತ ಎಷ್ಟು ದೂರು ಬರುತ್ತವೆ ನೋಡಿದರೆ ಆ ಏಜೆಂಟ್ ಎಷ್ಟು ಬಾಯಿಬಡುಕ ಅಂತ ತಿಳಿಯುತ್ತದೆ. ಇನ್ನೊಂದು, ಕೋಡ್‌ನಲ್ಲಿ ಬೇಕಂತಲೇ ಕೆಲವು ತಪ್ಪು ಹಾಕಿ ಕೊಡುವುದು. ಇದು ನನ್ನ ಉಪಾಯವಲ್ಲ. ಐಬಿಎಂನ ಹಾರ್ಲನ್ ಮಿಲ್ಸ್ 1970ರ ದಶಕದಲ್ಲೇ ಸೂಚಿಸಿದ್ದು. ಹಾಕಿದ್ದರಲ್ಲಿ ಎಷ್ಟು ಸಿಕ್ಕವು ಅನ್ನುವುದಕ್ಕಿಂತ ಯಾವ ಬಗೆಯವು ಯಾರಿಗೂ ಸಿಗಲಿಲ್ಲ ಅನ್ನುವುದು ನನಗೆ ಉಪಯೋಗ. ನಮ್ಮಲ್ಲಿ ಯಾವಾಗಲೂ ತಪ್ಪಿಸಿಕೊಳ್ಳುವವು ಎರಡು ಫೈಲ್‌ಗಳ ನಡುವಿನ ಒಪ್ಪಂದ ಮುರಿಯುವ ತಪ್ಪುಗಳು, ಮತ್ತು ಇರಬೇಕಾದ ಕೋಡ್ ಇಲ್ಲದೇ ಇರುವುದು. ಬರೆದದ್ದನ್ನು ಓದಿ ತಪ್ಪು ಹೇಳಬಹುದು, ಬರೆಯದೇ ಇದ್ದದ್ದನ್ನು ಗಮನಿಸುವುದು ಕಷ್ಟ. ಮನುಷ್ಯರ ಸಮಯವನ್ನು ಈಗ ನಾವು ಅಲ್ಲಿಗೇ ಇಡುತ್ತೇವೆ.

ಮನುಷ್ಯರನ್ನು ಪೂರ್ತಿ ತೆಗೆದರೆ ಏನಾಗುತ್ತದೆ, ಸರಿಯಾದ ಜಾಗದಲ್ಲಿ ಇಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಕರ್ಲ್ ಯೋಜನೆಯನ್ನೇ ನೋಡಬಹುದು. ಇಂಟರ್ನೆಟ್‌ನಿಂದ ಡೇಟಾ ತರಲು ಲೆಕ್ಕವಿಲ್ಲದಷ್ಟು ಸಾಧನಗಳು ಬಳಸುವ ಮುಕ್ತ ತಂತ್ರಾಂಶ ಅದು. ಎಐ ಬರೆದುಕೊಟ್ಟ ಸುಳ್ಳು ಸೆಕ್ಯುರಿಟಿ ದೂರುಗಳನ್ನು ಜನ ಹಾಗೇ ಕಳಿಸುತ್ತಾರೆ, ಓದಿ ಸಾಕಾಯಿತು ಅಂತ ಅದರ ಮುಖ್ಯಸ್ಥ ಡೇನಿಯಲ್ ಸ್ಟೆನ್‌ಬರ್ಗ್ 2024ರಿಂದಲೂ ಹೇಳುತ್ತಿದ್ದಾರೆ. ಅದೇ ಸ್ಟೆನ್‌ಬರ್ಗ್ 2025ರಲ್ಲಿ, ಎಐ ಸಾಧನಗಳಿಂದ ಸಿದ್ಧವಾದ ಒಂದು ಪಟ್ಟಿ ಬಂದಾಗ ಅದರಿಂದ ಹತ್ತಾರು ನಿಜವಾದ ತಪ್ಪುಗಳನ್ನು ತಿದ್ದಿಸಿ, ಮೆಚ್ಚಿ ಬರೆದರು. ಎರಡೂ ಕಡೆ ಎಐ ಇದೆ. ಎರಡನೆಯ ಪಟ್ಟಿಯ ಹಿಂದೆ ಕೋಡ್ ಗೊತ್ತಿದ್ದು ಸಾಧನ ಬಳಸಿದ ಮನುಷ್ಯ ಇದ್ದರು.

ಇನ್ನೊಂದು ಮಾತು ನಿಮ್ಮ ಲೇಖನದಲ್ಲಿ ಬರಲೇ ಇಲ್ಲ. ರಿವ್ಯೂ ಅಂದರೆ ಬಗ್ ಹಿಡಿಯುವುದಷ್ಟೇ ಅಲ್ಲ. ಮೈಕ್ರೋಸಾಫ್ಟ್‌ನಲ್ಲಿ ರಿವ್ಯೂ ಹೇಗೆ ನಡೆಯುತ್ತದೆ ಅಂತ ಬಕೆಲ್ಲಿ ಮತ್ತು ಬರ್ಡ್ ಎಂಬ ಸಂಶೋಧಕರು 2013ರಲ್ಲಿ ಬರೆದಿದ್ದರು. ಬಗ್ ಹಿಡಿಯಬೇಕು ಅಂತಲೇ ಎಲ್ಲರೂ ರಿವ್ಯೂ ಶುರು ಮಾಡುತ್ತಾರೆ. ಆದರೆ ಕೈಗೆ ಬರುವ ಲಾಭದಲ್ಲಿ ದೊಡ್ಡ ಪಾಲು ಬೇರೆ. ಒಬ್ಬರು ತಿಳಿದದ್ದು ಇನ್ನೊಬ್ಬರಿಗೆ ದಾಟುತ್ತದೆ, ತಂಡದಲ್ಲಿ ಏನು ನಡೆಯುತ್ತಿದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ನಮ್ಮ ಡೇಟಾ ತಂಡದ ಸಹೋದ್ಯೋಗಿಗೆ ಪಟ್ಟಿ ಎರಡು ಕಡೆಯಿಂದ ಬರುತ್ತದೆ ಅಂತ ತಿಳಿದಿದ್ದೇ ಹಿಂದೆ ಯಾವಾಗಲೋ ಆ ಬದಲಾವಣೆಯ ರಿವ್ಯೂನಲ್ಲಿ ಕೂತಿದ್ದರಿಂದ. ಈಗ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ರಿವ್ಯೂ ಪುಟ ತೆರೆದರೆ ಏಜೆಂಟ್‌ಗಳ ಅಭಿಪ್ರಾಯ ಆಗಲೇ ಸಿದ್ಧವಾಗಿರುತ್ತದೆ. ಅದನ್ನು ಓದಿದ ಮೇಲೆ ಸ್ವಂತ ಕಣ್ಣಿನಿಂದ ನೋಡುವುದು ಕಷ್ಟ. ನಮ್ಮಲ್ಲಿ ಹೊಸಬರು ಮೊದಲು ತಾವೇ ಓದಿ ನಾಲ್ಕು ಮಾತು ಬರೆದ ಮೇಲಷ್ಟೇ ಏಜೆಂಟ್‌ಗಳ ಅಭಿಪ್ರಾಯ ತೆರೆಯುವಂತೆ ಮಾಡಿದ್ದೇವೆ. ಗೊಣಗುತ್ತಾರೆ. ಆದರೆ ಕೆಲವು ಸಲ ಏಜೆಂಟ್‌ಗಳಿಗೆ ಸಿಗದ್ದು ಅವರಿಗೆ ಸಿಕ್ಕಾಗ ಆ ಖುಷಿ ನೋಡಬೇಕು.

ಕೊನೆಗೆ ಲೇಖನ ಬರೆದವರಿಗೆ ಒಂದು ವಿನಂತಿ. ಆ ತಂಡವನ್ನು ಮತ್ತೊಮ್ಮೆ ಭೇಟಿ ಮಾಡಿದರೆ ಇಷ್ಟು ಕೇಳಿ. ಮನುಷ್ಯರ ರಿವ್ಯೂ ನಿಲ್ಲಿಸಿದ ಮೇಲೆ ಬಳಕೆದಾರರಿಂದ ಬಂದ ದೂರುಗಳು ಯಾವುವು? ಆ ತಪ್ಪುಗಳಲ್ಲಿ ಎಷ್ಟನ್ನು ಐದರಲ್ಲಿ ಒಂದು ಏಜೆಂಟ್ ಮೊದಲೇ ಹೇಳಿತ್ತು, ಬಹುಮತದ ಲೆಕ್ಕದಲ್ಲಿ ಬದಿಗೆ ಹೋಗಿತ್ತು? ಏಜೆಂಟ್‌ಗಳು ಏನು ಹೇಳಿದವು ಅನ್ನುವ ದಾಖಲೆ (ಲಾಗ್) ಉಳಿಸಿದ್ದರೆ ಅದು ಒಂದು ಮಧ್ಯಾಹ್ನದಲ್ಲಿ ಲೆಕ್ಕ ಹಾಕಬಹುದಾದ ವಿಷಯ. ಉತ್ತರ ಸಿಕ್ಕರೆ ದಯವಿಟ್ಟು ಪ್ರಕಟಿಸಿ. ಸೊನ್ನೆ ಅಂತ ಬಂದರೂ ಪ್ರಕಟಿಸಿ, ಅವರು ಆ ಐದು ಏಜೆಂಟ್‌ಗಳನ್ನು ಹೇಗೆ ಇಟ್ಟುಕೊಂಡಿದ್ದಾರೆ ಅಂತ ನಾನೂ ಕಲಿಯಬೇಕು.

ಇತಿ,
ನಿಮ್ಮ ಹಳೆಯ ಓದುಗ,
ವೃತ್ತಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್